ಪಾರಿವಾಳಕ್ಕೂ ಹೆಬ್ಬಾತಿಗೂ ಒಂದೇ ಕೋವಿ: ನಾನು ಹೊಡೆದು ನೋಡಿದ ಸೆಮಿ-ಆಟೊಗಳು

ಸೆಮಿ-ಆಟೊ, ಅಂದರೆ ಒಂದು ಗುಂಡು ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಕೋವಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ನಾನು ಮಾತ್ರ ಅವರನ್ನೇ ತಿರುಗಿ ಕೇಳುತ್ತೇನೆ: ಅದರಲ್ಲಿ ಯಾವ ತೋಟಾ ಹಾಕುತ್ತೀರಿ? ಆಗಸ್ಟ್‌ನಲ್ಲಿ ಗೋಧಿ ಕೂಳೆಯ ಮೇಲೆ ಇಳಿಯುವ ಪಾರಿವಾಳಕ್ಕೆ 28 ಗ್ರಾಂ ಚರೆ (ಒಳಗಿನ ಸಣ್ಣ ಗುಂಡುಗಳು) ತುಂಬಿದ ತೋಟಾ ಸಾಕು. ಜನವರಿಯಲ್ಲಿ ಅಳಿವೆಯ ಕೆಸರಲ್ಲಿ ಹೆಬ್ಬಾತಿಗೆ ಕಾಯುವಾಗ 36 ಗ್ರಾಂ ಉಕ್ಕಿನ ಚರೆ ಬೇಕು. ಎರಡನ್ನೂ ತಕರಾರಿಲ್ಲದೆ ಹೊಡೆದು, ಖಾಲಿ ತೋಟಾ ಹೊರಗೆಸೆದು, ಮುಂದಿನದನ್ನು ತಾನೇ ಏರಿಸಿಕೊಳ್ಳುವ ಕೋವಿ ಸಿಕ್ಕರೆ ವರ್ಷಪೂರ್ತಿ ಒಂದರಲ್ಲೇ ಸಾಗುತ್ತದೆ. ಸಿಗದಿದ್ದರೆ ಎರಡು ಕೋವಿ, ಎರಡು ಖರ್ಚು.

ನಾನು ಇರುವುದು ಇಂಗ್ಲೆಂಡಿನ ಪೂರ್ವದಲ್ಲಿ, ನಾರ್ಫೋಕ್ ಕೌಂಟಿಯಲ್ಲಿ. ಪಕ್ಕದಲ್ಲೇ ವಾಶ್ ಎಂಬ ದೊಡ್ಡ ಕೊಲ್ಲಿ. ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ಚಳಿಗಾಲಕ್ಕೆ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಗುಲಾಬಿ ಕಾಲಿನ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಕಿತ್ತ ಸಕ್ಕರೆ ಬೀಟ್ ಹೊಲಗಳಲ್ಲಿ ಉಳಿದ ಎಲೆ, ಗೆಡ್ಡೆ ತಿಂದುಕೊಂಡು ಇರುತ್ತವೆ. ವುಡ್ ಪಿಜನ್ ಅನ್ನುವ ಕಾಡುಪಾರಿವಾಳ ವರ್ಷವಿಡೀ ಇದ್ದೇ ಇರುತ್ತದೆ. ಬಟಾಣಿ, ಬಾರ್ಲಿ, ಎಣ್ಣೆಗಾಗಿ ಬೆಳೆಯುವ ರೇಪ್, ಯಾವುದನ್ನೂ ಬಿಡುವುದಿಲ್ಲ. ರೈತರು ತಾವಾಗಿ ಕರೆದು ಹೊಡೆಸುವ ಹಕ್ಕಿ ಅದು.

ನನ್ನೂರು ಕೊಡಗು. ಕೋವಿ ನಮಗೆ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಇಟ್ಟು ಪೂಜೆ ಮಾಡುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪದ್ಧತಿ ನೋಡಿಕೊಂಡೇ ಬೆಳೆದವರು ನಾವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಆದರೆ ನಮ್ಮಲ್ಲಿ ಕೋವಿ ಅಂದರೆ ಒಂಟಿ ನಳಿಗೆ, ಇಲ್ಲವೇ ಜೋಡಿ ನಳಿಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯೂ ನಿಂತಿತು, ಅದು ಸರಿಯೇ. ಹಾಗಾಗಿ ಇಲ್ಲಿಗೆ ಬಂದು ಕಾನೂನಿನೊಳಗೆ ಹಕ್ಕಿ ಹೊಡೆಯಲು ಕಲಿಯುವ ನಮ್ಮ ಕಡೆಯವರಿಗೆ ಸೆಮಿ-ಆಟೊ ಪೂರ್ತಿ ಹೊಸ ಸಾಮಾನು. ಅವರಿಗಾಗಿಯೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಾನೂನಿನ ಮಾತು ಚುಟುಕಾಗಿ ಮುಗಿಸುತ್ತೇನೆ. ಇಲ್ಲಿ ಪೊಲೀಸರು ಕೊಡುವ ಶಾಟ್‌ಗನ್ ಸರ್ಟಿಫಿಕೇಟ್ 5 ವರ್ಷ ನಡೆಯುತ್ತದೆ. ಅದರ ಮೇಲೆ ಸೆಮಿ-ಆಟೊ ಇಟ್ಟುಕೊಳ್ಳಬೇಕಾದರೆ ಮುಂದಿನ ತೋಟಾಗಳು ಕೂರುವ ಕೊಳವೆಯಾದ ಮ್ಯಾಗಜೀನ್‌ನಲ್ಲಿ ಎರಡಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು. ಚೇಂಬರ್‌ನಲ್ಲಿ, ಅಂದರೆ ನಳಿಗೆಯ ಬುಡದ ಗೂಡಿನಲ್ಲಿ, ಒಂದು ಸೇರಿ ಒಟ್ಟು ಮೂರು. 1988ರ ತಿದ್ದುಪಡಿ ಕಾಯ್ದೆಯಿಂದ ಬಂದ ನಿಯಮ ಇದು. ನಳಿಗೆ 24 ಇಂಚಿಗಿಂತ ಗಿಡ್ಡ ಇರಬಾರದು. ಕಾಡುಬಾತು, ಹೆಬ್ಬಾತುಗಳ ಕಾಲ ಸೆಪ್ಟೆಂಬರ್ 1ರಿಂದ ಜನವರಿ 31ರವರೆಗೆ. ಉಬ್ಬರದ ಗೆರೆಯ ಕೆಳಗಿನ ಕಡಲಂಚಿನಲ್ಲಿ ಮಾತ್ರ ಫೆಬ್ರವರಿ 20ರವರೆಗೆ. ಪಾರಿವಾಳವನ್ನು ಇಂಗ್ಲೆಂಡಿನಲ್ಲಿ ಬೆಳೆ ಉಳಿಸಲೆಂದು ಜಿಎಲ್42 ಎಂಬ ಸಾಮಾನ್ಯ ಪರವಾನಗಿಯಡಿ ಹೊಡೆಯುತ್ತೇವೆ. ಅದರ ಷರತ್ತುಗಳನ್ನು ಪ್ರತಿ ಜನವರಿಯಲ್ಲಿ ಹೊಸದಾಗಿ ಓದಿಕೊಳ್ಳಿ.

ಇನ್ನು ಚರೆ. ಕೋವಿಯ ಆಯ್ಕೆಯನ್ನೇ ತಿರುಗಿಸಿಬಿಡುವ ವಿಷಯ ಇದು. ಇಂಗ್ಲೆಂಡಿನಲ್ಲಿ ಬಾತು, ಹೆಬ್ಬಾತುಗಳಿಗೆ ಸೀಸದ ಚರೆ ಹೊಡೆಯುವುದು 1999ರಿಂದಲೇ ನಿಷಿದ್ಧ. ಕೆಸರಲ್ಲಿ ಬಿದ್ದ ಸೀಸದ ಕಾಳನ್ನು ಹಕ್ಕಿಗಳು ಕಲ್ಲಿನ ಹರಳು ಅಂದುಕೊಂಡು ನುಂಗಿ ವಿಷವೇರಿ ಸಾಯುತ್ತವೆ. ಹಕ್ಕಿಯನ್ನು ಪ್ರೀತಿಸುವ ಯಾವ ಬೇಟೆಗಾರನೂ ಈ ನಿಷೇಧಕ್ಕೆ ಗೊಣಗಬಾರದು. 2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಉಳಿದ ಬೇಟೆಗೂ ಸೀಸವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಹೇಳಿದೆ. ಅಂದರೆ ಇವತ್ತು ಕೊಳ್ಳುವ ಕೋವಿ ನಾಳೆ ಪಾರಿವಾಳಕ್ಕೂ ಉಕ್ಕಿನ ಚರೆಯನ್ನೇ ಹೊಡೆಯಬೇಕು. ನಳಿಗೆಯ ಮೇಲೆ ಫ್ಲರ್-ಡಿ-ಲೀ ಹೂವಿನ ಗುರುತು ಇದೆಯೇ ನೋಡಿ. ಜೋರಿನ ಉಕ್ಕಿನ ತೋಟಾಗಳಿಗೆ ನಳಿಗೆಯನ್ನು ಪರೀಕ್ಷೆ ಮಾಡಿದ್ದಾರೆ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ಅದಿಲ್ಲದ ಕೋವಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಜೌಗಿಗೆ ತರಬೇಡಿ. ನಳಿಗೆಯ ಬಾಯನ್ನು ಕಿರಿದಾಗಿಸುವ ಚೋಕ್, ದಪ್ಪ ಉಕ್ಕಿನ ಚರೆಗೆ ಹಾಫ್‌ಗಿಂತ ಬಿಗಿ ಬೇಡ. ಉಕ್ಕು ಸೀಸದಂತೆ ಹಿಸುಕಿಕೊಳ್ಳುವುದಿಲ್ಲ.

ಉಕ್ಕು ಸೀಸಕ್ಕಿಂತ ಹಗುರ. ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗಿದರೆ ಉಕ್ಕು 7.8 ಗ್ರಾಂ. ಅದಕ್ಕೇ ಚರೆಯ ಅಳತೆ ಎರಡು ಹೆಜ್ಜೆ ದಪ್ಪ ತೆಗೆದುಕೊಳ್ಳುತ್ತೇವೆ. ನಂಬರ್ ಕಡಿಮೆಯಾದಷ್ಟೂ ಚರೆ ದಪ್ಪ. ಸೀಸದಲ್ಲಿ 6ನೇ ನಂಬರ್ ಹೊಡೆಯುತ್ತಿದ್ದವರು ಉಕ್ಕಿನಲ್ಲಿ 4 ತೆಗೆದುಕೊಳ್ಳಬೇಕು. ನಾನು ಬಾತಿಗೆ 3, ಹೆಬ್ಬಾತಿಗೆ 1 ಅಥವಾ ಅದಕ್ಕಿಂತ ದಪ್ಪದ ಬಿಬಿ ಹಾಕುತ್ತೇನೆ. ದಪ್ಪ ಚರೆ ಸಾಕಷ್ಟು ತುಂಬಬೇಕಾದರೆ ತೋಟಾ ಉದ್ದವಾಗಬೇಕು. ಹಾಗಾಗಿ 70 ಮಿಲಿಮೀಟರ್ ಚೇಂಬರ್ ಸಾಲದು, 76 ಬೇಕು. 89 ಬೇಕೇ ಅಂತ ಕೇಳಿದರೆ, ನನ್ನ ಪ್ರಕಾರ ಬೇಡ. 35 ಗಜದೊಳಗೆ ಬಂದ ಹೆಬ್ಬಾತಿಗೆ 76ರ ತೋಟಾ ಸಾಕು. ಅದರಾಚೆ ಹೊಡೆದು ಗಾಯ ಮಾಡಿ ಕಳಿಸುವುದಕ್ಕೆ ಉದ್ದ ತೋಟಾ ನೆಪವಾಗಬಾರದು.

ಸೆಮಿ-ಆಟೊಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಎರಡು ಜಾತಿ. ಒಂದು ಗ್ಯಾಸ್ ಕೋವಿ. ನಳಿಗೆಯ ಕೆಳಗಿನ ಸಣ್ಣ ತೂತುಗಳಿಂದ ಸ್ವಲ್ಪ ಬಿಸಿ ಅನಿಲ ಇಳಿದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಪಿಸ್ಟನ್ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ತಳ್ಳುತ್ತದೆ. ಜೋರು ತೋಟಾ ಹಾಕಿದಾಗ ಹೆಚ್ಚಾದ ಅನಿಲವನ್ನು ಒಂದು ವಾಲ್ವ್ ಹೊರಗೆ ಬಿಡುತ್ತದೆ. ಇನ್ನೊಂದು ಇನರ್ಷಿಯಾ ಕೋವಿ. 1960ರ ದಶಕದಲ್ಲಿ ಇಟಲಿಯ ಬ್ರೂನೊ ಚಿವೊಲಾನಿ ರೂಪಿಸಿದ ಈ ಉಪಾಯದ ಮೇಲೆಯೇ ಬೆನೆಲ್ಲಿ ಕಂಪನಿ ಬೆಳೆಯಿತು. ಇಲ್ಲಿ ಅನಿಲವೂ ಇಲ್ಲ, ಪಿಸ್ಟನ್ನೂ ಇಲ್ಲ. ಹೊಡೆದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಭಾರದ ಬೋಲ್ಟ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಬೋಲ್ಟಿನೊಳಗಿನ ಗಟ್ಟಿ ಸ್ಪ್ರಿಂಗ್ ಆಗ ಅಮುಕಿಕೊಂಡು, ಮರುಕ್ಷಣ ಬಿಚ್ಚಿ ಬೋಲ್ಟನ್ನು ಹಿಂದಕ್ಕೆ ಒಗೆಯುತ್ತದೆ.

ಬೆಲೆ, ಹೆಸರು, ಬಣ್ಣಕ್ಕಿಂತ ಈ ವ್ಯತ್ಯಾಸ ದೊಡ್ಡದು. ಹಗುರ ತೋಟಾಗೆ ಯಾವುದು ಚೆನ್ನ, ಕೆಸರಿಗೆ ಯಾವುದು ಚೆನ್ನ, ಭುಜಕ್ಕೆ ಯಾವುದು ಹಿತ ಅನ್ನುವುದೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಇಟಲಿಯ ಬೆರೆಟ್ಟಾ ಕಂಪನಿಯ ಎ300. ಇದು ಗ್ಯಾಸ್ ಕೋವಿ. 303, 390 ಮಾದರಿಗಳ ಕಾಲದಿಂದ ತಿದ್ದುತ್ತ ಬಂದ ಯಂತ್ರವನ್ನೇ ಕಡಿಮೆ ಬೆಲೆಗೆ ಕೊಡಲು ಎ300 ಔಟ್‌ಲ್ಯಾಂಡರ್ ಮಾಡಿದರು. ಈಗ ಅಲ್ಟಿಮಾ ಎಂಬ ಮಾದರಿ ಇದೆ. ನಾನು ಜಾಸ್ತಿ ಹೊಡೆದದ್ದು ಔಟ್‌ಲ್ಯಾಂಡರ್, ಭುಜಕ್ಕೊರಗಿಸುವ ಸ್ಟಾಕ್ ಕಪ್ಪು ಪ್ಲಾಸ್ಟಿಕ್‌ನದು. ಪಾರಿವಾಳದ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಸೊಂಟ ಅರ್ಧ ತಿರುಗಿಸಿ ಹೊಡೆಯುವಾಗ ಕೋವಿ ಭುಜಕ್ಕೆ ಸರಿಯಾಗಿ ಕೂರದೆ ಇರುವುದು ಸಾಮಾನ್ಯ. ಆಗಲೂ ಇದು 28 ಗ್ರಾಂ ತೋಟಾವನ್ನು ಸಲೀಸಾಗಿ ಹೊಡೆದು, ಹೊರಗೆಸೆದು, ಮುಂದಿನದನ್ನು ಏರಿಸಿಕೊಂಡಿತು. ಒದೆತ ಮೆತ್ತಗೆ. ಅದು ಸುಮ್ನೆ ಹಿತದ ಮಾತಲ್ಲ, ಎರಡನೇ ಹಕ್ಕಿಯ ಮೇಲೆ ನಳಿಗೆ ಬೇಗ ಹೋಗುತ್ತದೆ. ಅದೇ ಕೋವಿಯಲ್ಲಿ 36 ಗ್ರಾಂ ಉಕ್ಕಿನ ತೋಟಾ ಹಾಕಿದಾಗ ಏನೂ ಬದಲಿಸಬೇಕಾಗಲಿಲ್ಲ. ವಾಲ್ವ್ ತನ್ನ ಕೆಲಸ ತಾನು ಮಾಡಿಕೊಂಡಿತು. ತೂಕ ಮೂರು ಕಿಲೋ ಮೇಲೆ ಸ್ವಲ್ಪ. ಜೌಗಿನಲ್ಲಿ ದೂರ ನಡೆದರೆ ತೋಳಿಗೆ ತಿಳಿಯುತ್ತದೆ, ಹೊಡೆಯುವಾಗ ಅದೇ ತೂಕ ಸಹಾಯಕ್ಕೆ ಬರುತ್ತದೆ.

ವಿಂಚೆಸ್ಟರ್ ಎಸ್‌ಎಕ್ಸ್4 ಕೂಡ ಗ್ಯಾಸ್. 2017ರಲ್ಲಿ ಬಂದ ಮಾದರಿ. ಇದರ ವಾಲ್ವ್ ಪಿಸ್ಟನ್ನಿನೊಳಗೇ ಇದೆ. ತೋಟಾ ಜೋರಾದಷ್ಟೂ ಅನಿಲವನ್ನು ಜಾಸ್ತಿ ಹೊರಗೆ ಬಿಡುತ್ತದೆ. ನನಗೆ ಇದರಲ್ಲಿ ಇಷ್ಟವಾದದ್ದು ಒಳಗಿನ ಯಂತ್ರಕ್ಕಿಂತ ಹೊರಗಿನ ಗುಂಡಿಗಳು. ಬೋಲ್ಟ್ ಹಿಡಿ ದಪ್ಪ, ಬೋಲ್ಟ್ ಬಿಡುವ ಗುಂಡಿ ದೊಡ್ಡದು, ಟ್ರಿಗರ್ ಸುತ್ತಲಿನ ಬಳೆ ಅಗಲ. ಜನವರಿ ಬೆಳಗಿನ ಜಾವ ದಪ್ಪ ಕೈಗವಸು ಹಾಕಿಕೊಂಡು, ಮರಗಟ್ಟಿದ ಬೆರಳಲ್ಲಿ ಕೋವಿ ತುಂಬುವವರಿಗೆ ಇವೆಲ್ಲ ಎಷ್ಟು ಮುಖ್ಯ ಅನ್ನುವುದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಸೇಫ್ಟಿ ಗುಂಡಿಯನ್ನು ಎಡಗೈಯವರಿಗಾಗಿ ತಿರುಗಿಸಿ ಹಾಕಬಹುದು. ನಳಿಗೆಯ ಒಳಮೈಗೆ ಕ್ರೋಮ್ ಲೇಪ ಇದೆ, ಉಪ್ಪುಗಾಳಿಗೆ ಒಳ್ಳೆಯ ರಕ್ಷೆ. ಹಗುರ ತೋಟಾದ ವಿಷಯದಲ್ಲಿ ಎ300ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹೊಸದಾದರೆ ಎರಡರ ಬೆಲೆಯೂ ಸುಮಾರು ಸಾವಿರ ಪೌಂಡಿನ ಆಸುಪಾಸು. ಹಾಗಾಗಿ ಇವೆರಡರಲ್ಲಿ ಆಯ್ಕೆ ನಿಮ್ಮ ಭುಜ, ಕೆನ್ನೆಗಳಿಗೆ ಬಿಟ್ಟದ್ದು. ನನ್ನ ಕೆನ್ನೆಗೆ ಎ300 ಸರಿ ಕೂರುತ್ತದೆ. ನನಗಿಂತ ಎತ್ತರದ, ಉದ್ದ ಕತ್ತಿನ ಗೆಳೆಯರೊಬ್ಬರಿಗೆ ಎಸ್‌ಎಕ್ಸ್4 ಹೇಳಿ ಮಾಡಿಸಿದಂತಿದೆ.

ಕೋವಿ ಮೈಗೆ ಕೂರುವ ವಿಷಯ ಬಂತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೆಮಿ-ಆಟೊಗಳ ಒಂದು ದೊಡ್ಡ ಅನುಕೂಲ ಅಂದರೆ ಸ್ಟಾಕ್ ಮತ್ತು ಬೋಲ್ಟ್ ಓಡಾಡುವ ರಿಸೀವರ್ ನಡುವೆ ಹಾಕುವ ತೆಳು ಬಿಲ್ಲೆಗಳು. ಇವನ್ನು ಬದಲಿಸಿದರೆ ಸ್ಟಾಕ್ ಮೇಲೆ ಕೆಳಗೆ, ಎಡ ಬಲ ಸ್ವಲ್ಪ ಸರಿಯುತ್ತದೆ. ಜೋಡಿ ನಳಿಗೆಯಲ್ಲಿ ಇದೇ ಕೆಲಸಕ್ಕೆ ಮರ ಬಗ್ಗಿಸುವ ಕುಶಲಕರ್ಮಿಯ ಬಳಿ ಹೋಗಬೇಕು. ಅನೇಕರು ಆ ಬಿಲ್ಲೆಗಳ ಪೊಟ್ಟಣವನ್ನು ಬಿಚ್ಚುವುದೇ ಇಲ್ಲ. ಬಿಚ್ಚಿ. ಕಣ್ಣು ಮುಚ್ಚಿ ಕೋವಿ ಏರಿಸಿ, ಕಣ್ಣು ತೆರೆದಾಗ ನಳಿಗೆಯ ಮೇಲಿನ ಪಟ್ಟಿ ನೇರ ಕಾಣುವವರೆಗೆ ಬದಲಿಸುತ್ತ ಹೋಗಿ. ಕೋವಿ ಖಾಲಿ ಇದೆಯೆಂದು ಮೊದಲು ಎರಡು ಸಲ ನೋಡಿಕೊಂಡೇ ಈ ಕೆಲಸ.

ಈಗ ಇನರ್ಷಿಯಾ ಕಡೆ. ಫ್ರಾಂಕಿ ಅಫಿನಿಟಿ ಮತ್ತು ಬೆನೆಲ್ಲಿ ಎಂ2 ಎರಡನ್ನೂ ಹೊಡೆದಿದ್ದೇನೆ. ಎರಡೂ ಬೆರೆಟ್ಟಾ ಕುಟುಂಬದವೇ. ಎಂ2 ಬೆಲೆ ಎ300ಗಿಂತ ಬಹಳ ಮೇಲೆ. ಅಫಿನಿಟಿ ಅಷ್ಟು ದುಬಾರಿಯಲ್ಲ. ಕೈಗೆತ್ತಿಕೊಂಡ ಕೂಡಲೇ ಅಫಿನಿಟಿ ಮನಸ್ಸು ಗೆಲ್ಲುತ್ತದೆ. ಮುಂಭಾಗ ತೆಳ್ಳಗೆ, ತೂಕ ಕಡಿಮೆ. ಪಿಸ್ಟನ್ ಇಲ್ಲದ್ದರಿಂದ ಕೈ ಹಿಡಿಯುವ ಜಾಗ ಸಣ್ಣದಾಗಿ, ನಳಿಗೆ ಬೆರಳು ತೋರಿಸಿದ ಕಡೆ ಹೋಗುತ್ತದೆ. ಬೇಲಿ ಸಾಲಿನಲ್ಲಿ ಮೇಲಿಂದ ಧಡಕ್ಕನೆ ಬಂದು ತಿರುಗುವ ಪಾರಿವಾಳಕ್ಕೆ ಈ ಚುರುಕು ಬೇಕು. ದಿನವಿಡೀ ಹೊಡೆದು ಮನೆಗೆ ಬಂದು ಬಿಚ್ಚಿದರೆ ಒಳಗೆ ಮಸಿ ಬಹಳ ಕಡಿಮೆ. ಹೊಗೆಯೆಲ್ಲ ನಳಿಗೆಯ ಬಾಯಿಂದಲೇ ಹೋಗಿರುತ್ತದೆ.

ಆದರೆ ಈ ಜಾತಿಗೆ ಎರಡು ಗುಣಗಳಿವೆ, ಕೊಳ್ಳುವ ಮೊದಲೇ ತಿಳಿದಿರಬೇಕು. ಒಂದು, ಇವಕ್ಕೆ ಒದೆತ ಬೇಕು. ಕೋವಿ ಹಿಂದಕ್ಕೆ ಹೋದರೆ ತಾನೇ ಸ್ಪ್ರಿಂಗ್ ಅಮುಕುವುದು? ಹೊಸ ಕೋವಿಗೆ ಮೊದಲ ಕೆಲವು ಪೆಟ್ಟಿಗೆ ಜೋರು ತೋಟಾ ಹೊಡೆದು ಪಳಗಿಸಬೇಕು. ಆಮೇಲೂ 24 ಗ್ರಾಂ, ಮೆತ್ತನೆ 28 ಗ್ರಾಂ ತೋಟಾಗಳಲ್ಲಿ ಗ್ಯಾಸ್ ಕೋವಿಯಷ್ಟು ನಿಶ್ಚಿಂತೆ ಇರುವುದಿಲ್ಲ. ಕೋವಿಯ ಹಿಂಭಾಗ ಮರೆಯ ಕಂಬಕ್ಕೋ ಮಣ್ಣಿನ ದಂಡೆಗೋ ಒರಗಿದ್ದರೆ ಒದೆತ ತಡೆದು ಮುಂದಿನ ತೋಟಾ ಏರದೆ ಹೋಗಬಹುದು. ಎರಡು, ತಿರುಗುವ ಬೋಲ್ಟ್ ತಲೆ ಪೂರ್ತಿ ಬೀಗ ಹಾಕಿಕೊಳ್ಳದಿದ್ದರೆ ಟ್ರಿಗರ್ ಎಳೆದಾಗ ಬರೀ ಕ್ಲಿಕ್ ಅನ್ನುತ್ತದೆ. ಬೋಲ್ಟನ್ನು ಸದ್ದಾಗದಂತೆ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರೆ, ಇಲ್ಲವೇ ನಡೆಯುವಾಗ ಹಿಡಿ ಎಲ್ಲೋ ತಾಗಿ ಸ್ವಲ್ಪ ಹಿಂದೆ ಸರಿದರೆ ಹೀಗಾಗುತ್ತದೆ. ಇನರ್ಷಿಯಾ ಕೋವಿ ಬಳಸುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಬೆನೆಲ್ಲಿಯವರು 2017ರ ಸೂಪರ್ ಬ್ಲ್ಯಾಕ್ ಈಗಲ್ 3ರಲ್ಲಿ ಇದಕ್ಕೆಂದೇ ತಿದ್ದುಪಡಿ ತಂದರು. ಹಳೆಯ ಮಾದರಿ ನಿಮ್ಮಲ್ಲಿದ್ದರೆ ಪರಿಹಾರ ಸರಳ: ಬೋಲ್ಟನ್ನು ಯಾವಾಗಲೂ ಪೂರ್ತಿ ಹಿಂದಿನಿಂದ ಬಿಡಿ, ಕಾಯುವಾಗ ಆಗಾಗ ಹಿಡಿಯನ್ನು ಮುಂದಕ್ಕೆ ಒತ್ತಿ ನೋಡಿ.

ಒದೆತವೂ ಜಾಸ್ತಿ. ಹಗುರ ಕೋವಿ, ಜೋರು ತೋಟಾ, ಅನಿಲದ ಮೆತ್ತೆ ಇಲ್ಲ. ಹೆಬ್ಬಾತಿನ ಬೆಳಗ್ಗೆ ನಾಲ್ಕಾರು ಗುಂಡು ಹೊಡೆಯುವವರಿಗೆ ಅದೇನೂ ಅಲ್ಲ, ದಪ್ಪ ಕೋಟು ಇರುತ್ತದೆ. ಆಗಸ್ಟ್‌ನಲ್ಲಿ ಒಂದು ಅಂಗಿ ಹಾಕಿಕೊಂಡು ಕೂಳೆಯ ಮೇಲೆ ಪೆಟ್ಟಿಗೆಗಟ್ಟಲೆ ಹೊಡೆದಾಗ ಭುಜ ಮಾತಾಡುತ್ತದೆ.

ಅಫಿನಿಟಿಯ ಇನ್ನೊಂದು ಜಾಣತನ ಜೌಗಿನವರಿಗೆ ಗೊತ್ತಿರಬೇಕು. ಬೋಲ್ಟನ್ನು ಮುಂದಕ್ಕೆ ತರುವ ಸ್ಪ್ರಿಂಗ್ ಇದರಲ್ಲಿ ಮ್ಯಾಗಜೀನ್ ಕೊಳವೆಯ ಸುತ್ತ ಇದೆ. ಎಂ2ನಲ್ಲಿ ಅದು ಸ್ಟಾಕಿನೊಳಗಿನ ಕೊಳವೆಯಲ್ಲಿದೆ. ಉಪ್ಪುನೀರು ಆ ಕೊಳವೆಗೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಒಳಗೇ ತುಕ್ಕು ಹಿಡಿದು ಬೋಲ್ಟ್ ನಿಧಾನವಾಗುತ್ತದೆ. ಅಫಿನಿಟಿಯಲ್ಲಿ ಮುಂಭಾಗದ ಕ್ಯಾಪ್ ಬಿಚ್ಚಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ, ಒರೆಸಿ ಎಣ್ಣೆ ಹಚ್ಚಿ ಮುಗಿಸಬಹುದು. ವಾರಕ್ಕೊಮ್ಮೆ ಕಡಲಂಚಿಗೆ ಹೋಗುವವರಿಗೆ ಇದೊಂದೇ ಕಾರಣ ಸಾಕು.

ಅಗ್ಗದ ಕೋವಿಗಳಿಗೆ ಬರೋಣ. ಟರ್ಕಿಯ ಹಟ್ಸಾನ್ ಎಸ್ಕಾರ್ಟ್ ಹೊಸದೇ ಬೇಕು, ದುಡ್ಡು ಕಡಿಮೆ ಅನ್ನುವವರ ಮೊದಲ ಆಯ್ಕೆ. ಬೆಲೆ ಇಟಲಿಯ ಗ್ಯಾಸ್ ಕೋವಿಯ ಅರ್ಧದ ಹತ್ತಿರ. ಹಗುರ, ಗ್ಯಾಸ್, 76ರ ಚೇಂಬರ್. ಜೊತೆಗೆ ಚೋಕ್‌ಗಳೂ ಬರುತ್ತವೆ. ನಾನು ಹೊಡೆದ ಎಸ್ಕಾರ್ಟ್ 30 ಗ್ರಾಂ ತೋಟಾವನ್ನು ಚೆನ್ನಾಗಿ ನುಂಗಿತು. ಟ್ರಿಗರ್ ಎಳೆತ, ಬೋಲ್ಟ್ ಓಟಗಳಲ್ಲಿ ದುಬಾರಿ ಕೋವಿಯ ನುಣುಪು ಇರುವುದಿಲ್ಲ, ಆ ಬೆಲೆಗೆ ನಿರೀಕ್ಷಿಸುವುದೂ ನ್ಯಾಯವಲ್ಲ. ಕೆಸರಲ್ಲಿ ಉರುಳಿದರೂ ಹೊಟ್ಟೆ ಉರಿಯದ ಕೋವಿ ಬೇಕು ಅನ್ನುವ ಜೌಗಿನವರು ಇದನ್ನು ಇಟ್ಟುಕೊಳ್ಳುವುದು ಅದಕ್ಕೇ. ಪಾರಿವಾಳಕ್ಕೆ ವರ್ಷಕ್ಕೆ ಸಾವಿರಗಟ್ಟಲೆ ತೋಟಾ ಹೊಡೆಯುವವರಿಗೆ ಮಾತ್ರ ನಾನು ಎ300 ಅಥವಾ ಎಸ್‌ಎಕ್ಸ್4 ಕಡೆಗೇ ಕೈ ತೋರಿಸುತ್ತೇನೆ.

ರಷ್ಯಾದ ಬೈಕಲ್ ಎಂಪಿ-153 ಬಗ್ಗೆ ನನಗೆ ಒಳಗೊಳಗೇ ಪ್ರೀತಿ. ಇಝೆವ್ಸ್ಕ್ ಊರಿನ ಕಾರ್ಖಾನೆಯಲ್ಲಿ ಆದದ್ದು. ಭಾರ, ಸುಮಾರು ಮೂರೂವರೆ ಕಿಲೋ. ಚೆಂದ ಅನ್ನಲಾಗದು. ಆದರೆ ಆ ಭಾರವೇ ಒದೆತವನ್ನು ನುಂಗಿಹಾಕುತ್ತದೆ. 89ರ ಚೇಂಬರ್ ಇರುವ ಮಾದರಿಯಲ್ಲಿ ಜೋರು ಉಕ್ಕಿನ ತೋಟಾ ಹೊಡೆದರೂ ಭುಜಕ್ಕೆ ಭಯವಿಲ್ಲ. ಅನಿಲದ ವಾಲ್ವನ್ನು ಕೈಯಲ್ಲೇ ಬಿಗಿ ಸಡಿಲ ಮಾಡಿ ತೋಟಾಗೆ ಹೊಂದಿಸಬೇಕು. ಇದು ತಾನಾಗಿ ಹೊಂದಿಕೊಳ್ಳುವ ಎ300 ತರಹ ಅಲ್ಲ. ಮುಖ್ಯ ಮಾತು ಏನೆಂದರೆ, 2014ರ ನಿರ್ಬಂಧಗಳ ನಂತರ ರಷ್ಯಾದಿಂದ ಇವು ಬರುವುದು ನಿಂತಿದೆ. ಸಿಗುವುದೆಲ್ಲ ಹಳೆಯವೇ. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೊದಲು ವಿಚಾರಿಸಿ, ಆಮೇಲೆ ಕೊಳ್ಳಿ.

ರೆಮಿಂಗ್ಟನ್ 1100, ಬ್ರೌನಿಂಗ್ ಆಟೊ-5 ತರಹದ ಹಳಬರೂ ಅಂಗಡಿಯ ಗೋಡೆಯ ಮೇಲೆ ಕಾಣುತ್ತಾರೆ. ಜಾನ್ ಬ್ರೌನಿಂಗ್ ಸುಮಾರು 120 ವರ್ಷದ ಹಿಂದೆ ರೂಪಿಸಿದ ಆಟೊ-5ರ ಗೂನುಬೆನ್ನು ನೋಡಿದರೆ ಈಗಲೂ ಆಸೆಯಾಗುತ್ತದೆ. ಸೀಸದ ಕಾಲಕ್ಕೆ ಮಾಡಿದ ನಳಿಗೆಗಳು ಅವು. ಉಕ್ಕಿನ ಚರೆ ಬಂದಿರುವ ಈ ಹೊತ್ತಿಗೆ ಒಂದೇ ಕೋವಿ ಕೊಳ್ಳುವವರು ಅವುಗಳ ಹಿಂದೆ ಹೋಗಬಾರದು.

ಪಾರಿವಾಳದ ಮರೆಯಲ್ಲೂ ಜೌಗಿನಲ್ಲೂ ಸೆಮಿ-ಆಟೊ ಬೇರೆ ಬೇರೆ ಶಿಸ್ತು ಕೇಳುತ್ತದೆ. ಮರೆಯಲ್ಲಿ ಖಾಲಿ ತೋಟಾ ಬಲಕ್ಕೆ ಹಾರುತ್ತದೆ. ಜೊತೆಗಾರರನ್ನು ಎಡಕ್ಕೆ ಕೂರಿಸಿ, ಇಲ್ಲದಿದ್ದರೆ ಬಿಸಿ ತೋಟಾ ಅವರ ಕೆನ್ನೆಗೆ. ಬಲಗಡೆ ಮರೆಯ ಬಲೆಯನ್ನು ಸ್ವಲ್ಪ ಇಳಿಬಿಟ್ಟರೆ ತೋಟಾಗಳೆಲ್ಲ ಅಲ್ಲೇ ಬೀಳುತ್ತವೆ, ಹೆಕ್ಕಲು ಸುಲಭ. ಒಂದೇ ಒಂದು ಪ್ಲಾಸ್ಟಿಕ್ ತೋಟಾ ಕೂಡ ರೈತರ ಹೊಲದಲ್ಲಿ ಉಳಿಯಬಾರದು. ಎಡಗೈಯವರು ಎಡಕ್ಕೆ ಎಸೆಯುವ ಮಾದರಿಯನ್ನೇ ಹುಡುಕಲಿ. ಎಂ2, ಎಸ್‌ಎಕ್ಸ್4 ಎರಡರಲ್ಲೂ ಅಂಥವು ಬಂದಿವೆ.

ಜೋಡಿ ನಳಿಗೆಯನ್ನು ಮಡಚಿ ತೋರಿಸಿದರೆ ಖಾಲಿ ಅಂತ ಎಲ್ಲರಿಗೂ ಕಾಣುತ್ತದೆ. ಸೆಮಿ-ಆಟೊ ಹಾಗೆ ಕಾಣುವುದಿಲ್ಲ. ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರ್ ನೋಡಿ, ಮ್ಯಾಗಜೀನ್ ಬಾಯಿಗೆ ಬೆರಳಿಟ್ಟು ನೋಡಿ, ಆಮೇಲೆ ಬಣ್ಣದ ಪ್ಲಾಸ್ಟಿಕ್ ಬಾವುಟ ಸಿಕ್ಕಿಸಿ. ಫೆಸೆಂಟ್ ಹಕ್ಕಿಗಳನ್ನು ಓಡಿಸಿ ಹೊಡೆಯುವ ಅನೇಕ ಕಡೆ ಸೆಮಿ-ಆಟೊ ತರಬೇಡಿ ಅನ್ನುವುದೂ ಇದೇ ಕಾರಣಕ್ಕೆ. ನೀವು ಅಲ್ಲಿಗೂ ಹೋಗುವವರಾದರೆ ಈ ಲೇಖನದ ಯಾವ ಕೋವಿಯೂ ನಿಮಗೆ ಸಾಲದು.

ಜೌಗಿನಲ್ಲಿ ದೊಡ್ಡ ಅಪಾಯ ನಳಿಗೆಯ ಬಾಯಿಗೆ ಕೆಸರು ಮೆತ್ತಿಕೊಳ್ಳುವುದು. ಹಾಗೇ ಹೊಡೆದರೆ ನಳಿಗೆ ಸಿಡಿಯುತ್ತದೆ. ಜೋಡಿ ನಳಿಗೆಯಾದರೆ ಮಡಚಿ ಆರಪಾರ ನೋಡಬಹುದು. ಸೆಮಿ-ಆಟೊದಲ್ಲಿ ತೋಟಾಗಳನ್ನೆಲ್ಲ ತೆಗೆದು, ಕ್ಯಾಪ್ ಬಿಚ್ಚಿ, ನಳಿಗೆಯನ್ನೇ ಹೊರತೆಗೆದು ನೋಡಬೇಕು. ಕತ್ತಲಲ್ಲಿ ಕೊರಕಲು ದಾಟುವಾಗ ಕೋವಿ ಚೀಲದೊಳಗೇ ಇರಲಿ. ಮನೆಗೆ ಬಂದ ಮೇಲೆ ಕಬ್ಬಿಣದ ಭಾಗಗಳನ್ನು ಸಿಹಿನೀರಿನಿಂದ ಒರೆಸಿ, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿ. ಜಾಸ್ತಿ ಎಣ್ಣೆ ಬೇಡ. ಚಳಿಗೆ ಅದು ಗಟ್ಟಿಯಾಗಿ ಬೋಲ್ಟನ್ನು ಹಿಡಿಯುತ್ತದೆ. ಗ್ಯಾಸ್ ಕೋವಿಯಾದರೆ ಪಿಸ್ಟನ್ ಮತ್ತು ಮ್ಯಾಗಜೀನ್ ಕೊಳವೆಯ ಮಸಿ ಉಜ್ಜಿ ತೆಗೆಯಿರಿ. ಕೋವಿ ಕೆಟ್ಟಿತು ಅಂತ ನನ್ನ ಬಳಿ ತಂದವುಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿದ್ದದ್ದು ಇಷ್ಟೇ.

ನನ್ನ ತೀರ್ಮಾನ ಹೀಗಿದೆ. ಪಾರಿವಾಳ ಮುಖ್ಯ, ಜೌಗಿಗೆ ಆಗಾಗ ಹೋಗುತ್ತೇನೆ ಅನ್ನುವವರು ಗ್ಯಾಸ್ ಕೋವಿ ತೆಗೆದುಕೊಳ್ಳಿ: ಎ300 ಅಥವಾ ಎಸ್‌ಎಕ್ಸ್4, 28 ಇಂಚು ನಳಿಗೆ, 76ರ ಚೇಂಬರ್, ಪ್ಲಾಸ್ಟಿಕ್ ಸ್ಟಾಕ್. ಸ್ವಂತಕ್ಕೆ ನಾನು ಇಟ್ಟುಕೊಂಡದ್ದು ಎ300. ಜೌಗೇ ಮುಖ್ಯ, ಹಗುರ ತೋಟಾ ಹೊಡೆಯುವುದೇ ಇಲ್ಲ ಅನ್ನುವವರಿಗೆ ಅಫಿನಿಟಿ. ಎಂ2 ಒಳ್ಳೆಯ ಕೋವಿಯೇ, ಆದರೆ ಆ ಹೆಚ್ಚಿನ ದುಡ್ಡಿಗೆ ಒಂದು ವರ್ಷದ ತೋಟಾವೇ ಬರುತ್ತದೆ. ಕೈ ಪೂರ್ತಿ ಬಿಗಿ ಇದ್ದರೆ ಹೊಸ ಎಸ್ಕಾರ್ಟ್‌ಗಿಂತ ಹಳೆಯ ಬೆರೆಟ್ಟಾ ಗ್ಯಾಸ್ ಕೋವಿಯನ್ನು ಮೊದಲು ಹುಡುಕಿ, ಹೂವಿನ ಗುರುತು ಇದ್ದರೆ ಮಾತ್ರ.

ಹಳೆಯದು ಕೊಳ್ಳುವಾಗ ಬಿಚ್ಚಿ ತೋರಿಸಿ ಅಂತ ಕೇಳಲು ನಾಚಿಕೆ ಬೇಡ. ಮ್ಯಾಗಜೀನನ್ನು ಎರಡು ತೋಟಾಗೆ ಇಳಿಸಿದ್ದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿ ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ) ಗುರುತು ನೋಡಿ. ಖಾಲಿ ತೋಟಾವನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಚೂಪಾಗಿದೆಯೇ ಬೆರಳಲ್ಲಿ ಮುಟ್ಟಿ ನೋಡಿ. ಬೋಲ್ಟ್ ಹಿಂದೆಳೆದು ಬಿಟ್ಟಾಗ ಠಣ್ ಅಂತ ಮುಚ್ಚಬೇಕು, ತೆವಳಬಾರದು. ತೆವಳಿದರೆ ಸ್ಟಾಕಿನ ಕೊಳವೆಯೊಳಗೆ ತುಕ್ಕು ಇರಬಹುದು. ಸಾಧ್ಯವಾದರೆ ಕೊಳ್ಳುವ ಮೊದಲೇ ನಿಮ್ಮದೇ 28 ಗ್ರಾಂ ತೋಟಾದ ಒಂದು ಪೆಟ್ಟಿಗೆ ಹೊಡೆದು ನೋಡಿ, ಅದೂ ಕೂತುಕೊಂಡು, ಭುಜಕ್ಕೆ ಸ್ವಲ್ಪ ಸಡಿಲವಾಗಿ ಹಿಡಿದು. ಹಾಗೆ ಹೊಡೆದಾಗಲೂ ಎಲ್ಲ ತೋಟಾ ಹೊರಗೆ ಬಿದ್ದರೆ ದುಡ್ಡು ಕೊಡಿ. ಮನೆಗೆ ತಂದ ಮೇಲೆ ದೊಡ್ಡ ಕಾಗದಕ್ಕೆ ನೀವು ಹೊಡೆಯುವ ದೂರದಿಂದಲೇ ಗುರಿಯಿಟ್ಟು ಹೊಡೆದು, 30 ಇಂಚಿನ ವೃತ್ತ ಎಳೆದು ಚರೆಯ ತೂತುಗಳನ್ನು ಎಣಿಸಿ. ಪಾರಿವಾಳದ ತೋಟಾಗೊಂದು, ಉಕ್ಕಿನ ತೋಟಾಗೊಂದು ಕಾಗದ. ಉಕ್ಕು ಒತ್ತೊತ್ತಾಗಿ ಹೋಗುತ್ತದೆ, ಹಾಫ್‌ಗಿಂತ ಸಡಿಲವಾದ ಕ್ವಾರ್ಟರ್ ಚೋಕ್ ಎರಡಕ್ಕೂ ಸಾಕಾದರೆ ಅದನ್ನೇ ಹಾಕಿ ಬಿಟ್ಟುಬಿಡಿ.